ಹೊರಕೋಣೆಯಲ್ಲಿ ಶ್ರೀಕಂಠಯ್ಯನವರು

ತುಮಕೂರಿನ ಉಪ್ಪಾರಹಳ್ಳಿಯ ಶ್ರೀಕಂಠಯ್ಯನವರಿಗೆ ಸಲಹೆ ಕೊಡೋದು ಅಂದರೆ ಪ್ರಾಣ. ಕರೆಂಟು ಇಲಾಖೆಯಲ್ಲಿ ಓವರ್‌ಸೀಯರ್ ಆಗಿ ರಿಟೈರ್ ಆದ ಮನುಷ್ಯ. ಕೇಳಿದವರಿಗೆ ಹೇಳೋರು, ಕೇಳದೆ ಇದ್ದವರಿಗೆ ಇನ್ನೂ ವಿಸ್ತಾರವಾಗಿ ಹೇಳೋರು. ಯಾರ ಮನೆ ಫ್ಯೂಸು ಯಾಕೆ ಹೋಯ್ತು, ಬದನೆಕಾಯಿ ಎಲ್ಲಿ ಕೊಳ್ಳಬೇಕು, ಹುಡುಗೀನ ಗುಬ್ಬಿಗೆ ಕೊಡೋದು ಮೇಲೋ ಕುಣಿಗಲಿಗೋ, ಎಲ್ಲಕ್ಕೂ ಅವರ ಹತ್ತಿರ ಉತ್ತರ ಸಿದ್ಧ. ಬೀದಿಗೆಲ್ಲ ಇಷ್ಟು ಮಾತು ಹಂಚುವ ಮನುಷ್ಯ ಹೊಸಿಲು ದಾಟಿ ಒಳಗೆ ಬಂದರೆ ಮೂಗ. ಹೆಂಡತಿ ಕಮಲಾಕ್ಷಮ್ಮನ ಪಾಲಿಗೆ ಬರುತ್ತಿದ್ದದ್ದು ಒಂದೇ ಮಾತು: "ಇವಳೇ, ಕಾಫಿ ತಾ." ಮಕ್ಕಳೂ ಆಗಲಿಲ್ಲ ಪಾಪ, ಆ ನೆಪದಲ್ಲಾದರೂ ನಾಲ್ಕು ಮಾತು ಆಡೋಣ ಅಂದರೆ. ಹೊರಕೋಣೆಯಿಂದ ಕೇಳಿಸುವ ಗಂಡನ ಮಾತನ್ನ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳೋದು, ಅಷ್ಟರಲ್ಲೇ ಆಕೆ ಸಂಸಾರ ಮಾಡಿದ್ದಳು.

ಅರವತ್ತೇಳನೇ ಇಸವಿಯಲ್ಲಿ ಒಂದು ದಿನ ಗೇಟಿನ ಹತ್ತಿರ ಆರಡಿ ಎತ್ತರದ ಕರೀ ಹುಡುಗನೊಬ್ಬ ಬಂದು ನಿಂತ. ಕೀನ್ಯಾ ದೇಶದವನು, ಸ್ಕಾಲರ್‌ಶಿಪ್ ಮೇಲೆ ತುಮಕೂರಿನ ಇಂಜಿನಿಯರಿಂಗ್ ಕಾಲೇಜಿಗೆ ಬಂದವನು. ಹೆಸರು ಕಿಪ್ರೋನೊ. ಬೀದಿಯ ಹುಡುಗರೆಲ್ಲ ಹಿಂದೆ ಬಿದ್ದಿದ್ದರು, ಎದುರುಮನೆಯವರು ಕಿಟಕಿ ಬಿಟ್ಟು ಕದಲಲಿಲ್ಲ. ಅವನು ಬೆವರು ಒರೆಸಿಕೊಂಡು, "ಸಾರ್, ಪ್ರಾಜೆಕ್ಟಿಗೆ ಸಲಹೆ ಬೇಕು" ಅಂದ. ಸಲಹೆ ಅನ್ನೋ ಪದ ಕಿವಿಗೆ ಬಿದ್ದದ್ದೇ ತಡ, ಶ್ರೀಕಂಠಯ್ಯನವರು ಜಾತಿ ಕುಲ ಗೋತ್ರ ಎಲ್ಲ ಮರೆತರು. ವಾರ ಕಳೆಯೋದರೊಳಗೆ ಹುಡುಗ ಹಾಸ್ಟೆಲ್ ಬಿಟ್ಟು ಇವರ ಹೊರಕೋಣೆಗೇ ಟ್ರಂಕು ತಂದಿಟ್ಟ.

ಕಮಲಾಕ್ಷಮ್ಮ ಮೊದಮೊದಲು ಮೂಗು ಮುರಿದಳು. ಊಟದ ತಟ್ಟೆ ಜಗಲಿಗೇ ತಳ್ಳುತ್ತಿದ್ದಳು. ಆದರೆ ಆ ಹುಡುಗ ಮೊಸರನ್ನ ಕಂಡರೆ ಕಣ್ಣು ಮುಚ್ಚಿಕೊಂಡು ಉಣ್ಣುತ್ತಿದ್ದ. ಅವನ ದೇಶದಲ್ಲೂ ಹುಳಿ ಹಾಲಿಗೇ ಹೆಚ್ಚು ಮರ್ಯಾದೆಯಂತೆ. ಕಾಫಿ ಮಾತ್ರ ಮುಟ್ಟುತ್ತಿರಲಿಲ್ಲ, ಕಹಿ ಅಂತ. "ಅಮ್ಮ, ಇನ್ನೂ ಸ್ವಲ್ಪ" ಅಂತ ತಟ್ಟೆ ಮುಂದೆ ಚಾಚಿದರೆ ಯಾವ ಹೆಂಗಸು ತಾನೇ ಎಷ್ಟು ದಿನ ಬಿಗಿದುಕೊಂಡು ಇರ್ತಾಳೆ? ಜಗಲಿಯ ತಟ್ಟೆ ನಡುಮನೆಗೆ ಬಂತು. ಕಿಪ್ರೋನೊ ಅನ್ನೋದು ಅವಳ ನಾಲಿಗೆಯಲ್ಲಿ ಹೊರಳಾಡಿ ಹೊರಳಾಡಿ ಕಿಟ್ಟಪ್ಪ ಆಯ್ತು.

ದಿನಾ ಸಾಯಂಕಾಲ ನಾಲ್ಕು ಗಂಟೆಗೆ ಹೊರಕೋಣೆಯಲ್ಲಿ ಪಾಠ. ಪ್ರಾಜೆಕ್ಟು ಏನಪ್ಪಾ ಅಂದರೆ, ಕೆರೆಯ ನೀರು ಗುರುತಿನ ತನಕ ಏರಿದರೆ ತೂಬಿನ ಕಾವಲುಗಾರನ ಗುಡಿಸಲಲ್ಲಿ ತಾನಾಗೇ ಗಂಟೆ ಹೊಡೆಯೋ ಯಂತ್ರ. ನೀರ ಮೇಲೆ ತೇಲೋ ಒಂದು ಡಬ್ಬಿ, ಒಂದಿಷ್ಟು ವೈರು, ಬ್ಯಾಟರಿ, ಗಂಟೆ. ಕುಣಿಗಲ್ ಕೆರೆಯಲ್ಲಿ ಅದನ್ನ ಕಟ್ಟಿ ಪರೀಕ್ಷಕರಿಗೆ ತೋರಿಸಬೇಕು. ತೋರಿಸದೆ ಹೋದರೆ ಡಿಗ್ರಿ ಇಲ್ಲ, ಸ್ಕಾಲರ್‌ಶಿಪ್ಪೂ ಇಲ್ಲ.

ವೈರಿನ ಪಾಠ ಮುಗಿದ ಮೇಲೆ ಬದುಕಿನ ಪಾಠ. ಎಡಗೈಲಿ ಏನೂ ಕೊಡಬೇಡ. ಊಟ ಆಯ್ತಾ ಅಂತ ಕೇಳಿದರೆ ಆಯ್ತು ಅನ್ನು ಸಾಕು, ಏನೇನು ತಿಂದೆ ಅಂತ ವರದಿ ಒಪ್ಪಿಸಬೇಡ. ಸಂತೆಯಲ್ಲಿ ಮೊದಲ ಬೆಲೆಗೇ ತಲೆ ಆಡಿಸಬೇಡ. "ಇನ್ನು ಬಹಳ ಮುಖ್ಯವಾದದ್ದು ಕಣಪ್ಪಾ" ಅಂತ ಒಂದು ದಿನ ಶ್ರೀಕಂಠಯ್ಯನವರು ಬೆರಳೆತ್ತಿ ಹೇಳಿದ್ದರು. "ನಮ್ಮಲ್ಲಿ ಹೊರಡುವಾಗ ಹೋಗ್ತೀನಿ ಅನ್ನಬಾರದು, ಅಪಶಕುನ. ಹೋಗಿ ಬರ್ತೀನಿ ಅನ್ನಬೇಕು. ಕಳಿಸೋರು ಹೋಗಿ ಬನ್ನಿ ಅನ್ನಬೇಕು. ಮರೀಬೇಡ." ಕಿಟ್ಟಪ್ಪ ಮರೆಯಲಿಲ್ಲ. ಬಸ್ಸು ಹತ್ತೋರಿಗೆ, ಪೋಸ್ಟ್‌ಮನ್‌ಗೆ, ಹಾಲಿನ ರಂಗಮ್ಮನಿಗೆ, ಎಲ್ಲರಿಗೂ "ಹೋಗ್ಬನ್ನಿ!" ಅಂತ ಬೀದಿ ತುಂಬ ಕೇಳಿಸೋ ಹಾಗೆ ಹೇಳುತ್ತಿದ್ದ. ಶ್ರೀಕಂಠಯ್ಯನವರು ಎಲ್ಲ ಹೇಳಿಕೊಟ್ಟಿದ್ದರು, ಅದನ್ನ ಎಲ್ಲಿ ಹೇಳಬಾರದು ಅನ್ನೋದೊಂದನ್ನ ಬಿಟ್ಟು.

ಮಾಘ ಮಾಸದ ಒಂದು ಸಾಯಂಕಾಲ ಅವರು ಬೆತ್ತದ ಕುರ್ಚಿಯಲ್ಲಿ ಕೂತು, "ಇನ್ನೊಂದು ವಿಷಯ ಇದೆ ಕಣಪ್ಪಾ, ಆ ಅರ್ತ್ ವೈರನ್ನ ನೀನು..." ಅಂದರು. ಅಂದು ಎದೆ ಹಿಡಿದುಕೊಂಡು ಸುಮ್ಮನಾದರು. ದೊಡ್ಡವರು ಯೋಚನೆ ಮಾಡ್ತಿದಾರೆ ಅಂತ ಕಿಟ್ಟಪ್ಪ ಪೆನ್ಸಿಲ್ ಹಿಡಿದು ಮರ್ಯಾದೆಯಿಂದ ಕಾಯುತ್ತ ಕೂತ. ಕಮಲಾಕ್ಷಮ್ಮ ಲೋಟ ತೆಗೆದುಕೊಳ್ಳೋಕೆ ಬಂದಾಗಲೂ ಅವನು ಕಾಯುತ್ತಲೇ ಇದ್ದ. ಲೋಟದ ಕಾಫಿ ಆರಿತ್ತು, ಗಂಡನ ಕೈಯೂ ಆರಿತ್ತು.

ಮಾರನೇ ದಿನ ಬೆಳಿಗ್ಗೆ ಗುಬ್ಬಿಯಿಂದ ಮೈದುನ ಯೋಗನರಸಿಂಹ ಬಂದ. ನೆಂಟರು ಕೂಡಿದರು. ಚಟ್ಟ ಎತ್ತಿದರು. ಆ ಹೊತ್ತಿನಲ್ಲಿ ಯಾರೂ ಮಾತಾಡೋದಿಲ್ಲ. ಸಾವಿನ ಮನೆಗೆ ಬಂದವರು ಕೂಡ ಹೇಳದೆ ಕೇಳದೆ ಎದ್ದು ಹೋಗೋದು ನಮ್ಮ ರೂಢಿ. ಗೇಟಿನ ಪಕ್ಕ ನಿಂತಿದ್ದ ಕಿಟ್ಟಪ್ಪನಿಗೆ ಅದು ಬೇಸರವಾಗಿ ಕಂಡಿರಬೇಕು. ಅಷ್ಟು ದೊಡ್ಡ ಮನುಷ್ಯ ಹೊರಟಿದ್ದಾರೆ, ಒಬ್ಬರೂ ಒಂದು ಮಾತು ಹೇಳ್ತಾ ಇಲ್ಲವಲ್ಲ ಅಂತ. ಚಟ್ಟ ಗೇಟು ದಾಟುವಾಗ ಅವನು ಎರಡೂ ಕೈ ಮುಗಿದು, ಕಣ್ಣೀರು ಸುರಿಸುತ್ತ, ಗಂಟಲೆತ್ತಿ ಹೇಳಿದ:

"ಹೋಗ್ಬನ್ನಿ ಸಾರ್!"

ಬೆಂಕಿ ಮಡಕೆ ಹಿಡಿದಿದ್ದ ಯೋಗನರಸಿಂಹ ಗಕ್ಕನೆ ನಿಂತ. ಚಟ್ಟ ಹೊತ್ತವರ ಕಾಲು ಒಂದು ಕ್ಷಣ ಮುಂದಕ್ಕೆ ಬರಲಿಲ್ಲ. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿದರು. "ಶಿವ ಶಿವಾ, ಎಂಥಾ ಮಾತಾಡ್ಬಿಟ್ಟ" ಅಂತ ಯಾರೋ ಮುದುಕಿ ಅಂದಳು. "ಪರದೇಶದವನು, ಗೊತ್ತಾಗಲ್ಲ, ನಡೀರಿ ನಡೀರಿ" ಅಂತ ಇನ್ನೊಬ್ಬರು ಸಮಾಧಾನ ಮಾಡಿದರು. ಕಮಲಾಕ್ಷಮ್ಮ ಬಾಗಿಲಲ್ಲಿ ನಿಂತಿದ್ದಳು. ಆಣೆ ಮಾಡಿ ಹೇಳಬಹುದಾದ ಮಾತಲ್ಲ, ಆದರೆ ಚಟ್ಟದ ಮೇಲಿನ ತಲೆ ಮನೆ ಕಡೆ ಒಂಚೂರು ಹೊರಳಿದ ಹಾಗೆ ಅವಳಿಗೆ ಕಂಡಿತು.

ಹತ್ತನೇ ದಿನ ಕೆರೆ ದಂಡೆಯಲ್ಲಿ ಪಿಂಡ ಇಟ್ಟರು. ಕಾಗೆಗಳೇನೋ ಬಂದವು, ಮರದ ತುಂಬ ಕೂತವು. ಒಂದೂ ಇಳಿಯಲಿಲ್ಲ. ಹೋದವರ ಆಸೆ ಏನಾದರೂ ಉಳಿದಿದ್ದರೆ ಹೀಗಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಯೋಗನರಸಿಂಹ ಕೈಮುಗಿದು ಒಂದೊಂದೇ ಮಾತು ಕೊಟ್ಟ. "ಅತ್ತಿಗೇನ ಗುಬ್ಬಿಗೆ ಕರ್ಕೊಂಡು ಹೋಗಿ ನೋಡ್ಕೋತೀನಿ ಕಣಣ್ಣ. ಮನೆ ಮಾರಲ್ಲ ಕಣಣ್ಣ." ಊಹೂಂ. ಬಿಸಿಲು ಏರಿತು, ಪಿಂಡ ಒಣಗಿ ಬಿರುಕು ಬಿಟ್ಟಿತು, ಕಾಗೆಗಳು ನೋಡುತ್ತಲೇ ಕೂತಿದ್ದವು. ಕಡೆಗೆ ಪುರೋಹಿತರು ಅದನ್ನ ನೀರಿಗೆ ಬಿಡಿಸಿದರು.

"ಆ ಹುಡುಗನ್ನ ಖಾಲಿ ಮಾಡ್ಸಿ ಅತ್ತಿಗೆ" ಅಂದ ಯೋಗನರಸಿಂಹ ಗುಬ್ಬಿಗೆ ಹೊರಡುವಾಗ. "ಅವನ ಪರೀಕ್ಷೆ ಮುಗೀಲಪ್ಪ, ಆಮೇಲೆ ನೋಡೋಣ" ಅಂದಳು ಕಮಲಾಕ್ಷಮ್ಮ. ಪರೀಕ್ಷೆ ಆದಮೇಲೆ ತಾನೂ ಗುಬ್ಬಿಗೆ ಬರೋದು ಅಂತ ಮಾತಾಯ್ತು.

ಮೊದಲು ಕೇಳಿಸಿದ್ದು ಹಾಲಿನ ರಂಗಮ್ಮನಿಗೆ. ಕೋರ ಅನ್ನೋ ಹಳ್ಳಿಯವಳು, ಒರಟು ಬಾಯಿ, ದೆವ್ವ ಭೂತಕ್ಕೆಲ್ಲ ಹೆದರೋ ಜೀವ ಅಲ್ಲ. ಒಂದು ಸಾಯಂಕಾಲ ಹಾಲಿನ ಪಾತ್ರೆ ಜಗಲಿಯಲ್ಲೇ ಇಟ್ಟು ಹಿತ್ತಲಿಂದ ಸುತ್ತಿಕೊಂಡು ಒಳಗೆ ಬಂದಳು. ಮುಖ ಬಿಳಿಚಿತ್ತು.

"ಅವ್ವಾರೆ, ಒರಗಡೆ ಕ್ವಾಣೇಲಿ ಐನೋರು ಮಾತಾಡ್ತಾವ್ರೆ."

"ಏನೇ ರಂಗಮ್ಮ, ಬಾಯಿಗೆ ಬಂದ ಹಾಗೆ! ಕಿಟ್ಟಪ್ಪ ಪಾಠ ಓದ್ಕೋತಿರ್ತಾನೆ."

"ನಿಮ್ ಕಿಟ್ಟಪ್ಪ ಇನ್ನೂ ಎಮ್ಮೇನ ಹಸ ಅಂತಾನೆ. ಅವನ್ಗೆ ಆಪಾಟಿ ಕನ್ನಡ ಎಲ್ಲಿ ಬತ್ತದೆ? ಬುಡಿ ಅತ್ಲಾಗೆ, ನಾಳೆಯಿಂದ ಹಾಲು ಹಿತ್ಲಾಗೇ ಇಟ್ಟೋಯ್ತೀನಿ."

ಕಮಲಾಕ್ಷಮ್ಮ ಅಡುಗೆಮನೆ ಬಾಗಿಲಿಗೆ ಹೋಗಿ ನಿಂತಳು. ತನ್ನ ಹಳೇ ಜಾಗ. ಹೊರಕೋಣೆಯ ಬಾಗಿಲು ಮುಂದಕ್ಕೆ ಹಾಕಿತ್ತು. ಒಳಗಿಂದ, ಮೂಗಿನಲ್ಲಿ ನಶ್ಯ ಏರಿಸಿದ ಗಂಡನ ದನಿಯಲ್ಲಿ, ಸ್ಪಷ್ಟ ತುಮಕೂರು ಕನ್ನಡದಲ್ಲಿ ಮಾತು ಬರುತ್ತಿತ್ತು. "ಅರ್ತ್ ವೈರನ್ನ ನೀನು ಒಣ ಮಣ್ಣಿಗೆ ಹೂತ್ರೆ ಏನೂ ಪ್ರಯೋಜನ ಇಲ್ಲ ಕಣಪ್ಪಾ. ಕೆಸರಿಗೆ ಇಳಿಸ್ಬೇಕು. ಬರ್ಕೋ." ಆವತ್ತು ಅರ್ಧಕ್ಕೆ ನಿಂತ ಮಾತು. ಅದರ ಉಳಿದ ಅರ್ಧ. ಓಡಿಹೋಗಬೇಕಿತ್ತು, ಕೂಗಬೇಕಿತ್ತು. ಅವಳು ಹೋಗಲಿಲ್ಲ. ಬಾಗಿಲಿಗೆ ತಲೆ ಆನಿಸಿಕೊಂಡು ಕೇಳುತ್ತ ನಿಂತಳು. ಆ ದನಿ ಕೇಳಿ ಎಷ್ಟು ದಿನ ಆಗಿತ್ತು!

ಆಮೇಲೆ ಕಿಟ್ಟಪ್ಪನನ್ನ ಕೇಳಿದರೆ ಅವನು ಆಶ್ಚರ್ಯವನ್ನೇ ಪಡಲಿಲ್ಲ. "ಸಾರ್ ಬರ್ತಾರೆ ಅಮ್ಮ. ನಾಲ್ಕು ಗಂಟೆ. ನಾನು ಬನ್ನಿ ಅಂತ ಹೇಳಿದ್ದೆ ಅಲ್ವಾ? ನಮ್ಮ ಊರಲ್ಲೂ ಹಿರಿಯರು ಸತ್ತರೆ ದೂರ ಹೋಗಲ್ಲ, ಬಾಗಿಲಲ್ಲಿ ಸ್ವಲ್ಪ ಹಾಲು ಹಾಕಬೇಕು" ಅಂದ.

"ನಿಂಗೆ ಕಾಣಿಸ್ತಾರೇನೋ?"

"ಕಾಣಲ್ಲ. ಆ ಕುರ್ಚಿಲಿ ಕೂತರೆ ಕೇಳುತ್ತೆ. ಎದ್ದಾಗ ಎಲ್ಲ ಗೊತ್ತಿರುತ್ತೆ."

ಮಾರನೇ ದಿನ ಅವಳು ಒಲೆ ಮುಂದೆ ಕೂತಿದ್ದಳು. ಹೊರಗಿನಿಂದ ಕೇಳಿತು: "ಇವಳೇ, ಕಾಫಿ ತಾ." ಕೈ ತಾನಾಗೇ ಡಿಕಾಕ್ಷನ್ ಬಗ್ಗಿಸಿತು, ಹಾಲು ಬೆರೆಸಿತು, ಕಾಲು ತಾನಾಗೇ ನಡೆಯಿತು. ಬಾಗಿಲು ತಳ್ಳಿ ಲೋಟ ಮುಂದೆ ಚಾಚಿದ ಮೇಲೆ ಅವಳಿಗೆ ಎಚ್ಚರವಾಯಿತು. ಬೆತ್ತದ ಕುರ್ಚಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದವನು ಕಿಟ್ಟಪ್ಪ. ತಿರುಗಿ ನೋಡದೆ ಕೈ ಚಾಚಿ ಲೋಟ ತೆಗೆದುಕೊಂಡ, ಎತ್ತಿ ಕುಡಿದ. ಕಾಫಿ ಮುಟ್ಟದ ಹುಡುಗ ಒಂದು ತೊಟ್ಟೂ ಬಿಡದೆ ಕುಡಿದು, ಗಂಡ ಇಡುತ್ತಿದ್ದ ಹಾಗೆಯೇ ಲೋಟವನ್ನ ಬೋರಲು ಹಾಕಿ ಕಿಟಕಿ ಕಟ್ಟೆ ಮೇಲಿಟ್ಟ.

ಹೇಳಿಬಿಡೋಣ, ಮುಚ್ಚಿಡೋದೇನು? ಕಮಲಾಕ್ಷಮ್ಮನಿಗೆ ಹೆದರಿಕೆಗಿಂತ ಹೆಚ್ಚಾಗಿ ಸಂತೋಷವೇ ಆಯ್ತು. ಆವತ್ತಿನಿಂದ ನಾಲ್ಕಾಗೋದನ್ನೇ ಕಾದಳು. ಕಾಫಿ ಕೊಟ್ಟು ಬಾಗಿಲ ಹಿಂದೆ ನಿಂತು ಕೇಳಿದಳು. ಜೊತೆಗೆ ಒಳಗೊಳಗೇ ಹೊಟ್ಟೆಕಿಚ್ಚು. ಸತ್ತು ತಿರುಗಿ ಬಂದ ಮನುಷ್ಯ, ಬಂದದ್ದೂ ಆ ಹುಡುಗನಿಗೆ ವೈರಿನ ಪಾಠ ಹೇಳೋಕೇನಾ? ಮೂವತ್ತು ವರ್ಷ ಅನ್ನ ಬೇಯಿಸಿ ಹಾಕಿದವಳಿಗೆ ಒಂದು ಮಾತಿಲ್ಲವಾ? ಹೇಗಿದೀಯಾ ಅಂತ ಒಂದೇ ಒಂದು ಸಲ ಕೇಳಬಾರದಾ? ನಾಳೆ ಕೇಳ್ತಾರೇನೋ ಅಂತ ಅವಳು ಇನ್ನೊಂದು ದಿನ ತಳ್ಳಿದಳು, ಅದರ ಮಾರನೇ ದಿನವನ್ನೂ ತಳ್ಳಿದಳು.

ಅಷ್ಟರಲ್ಲಿ ಹುಡುಗ ಇಳಿದುಹೋಗುತ್ತಿದ್ದ. ಷರಟಿನೊಳಗೆ ಮೈ ಇರಲಿಲ್ಲ. ಇಪ್ಪತ್ತೆರಡರ ಹುಡುಗ ಮೆಟ್ಟಿಲು ಇಳಿಯುವಾಗ ಎಡ ಮಂಡಿ ಹಿಡಿದು "ಅಪ್ಪಾ" ಅನ್ನುತ್ತಿದ್ದ, ಥೇಟ್ ಶ್ರೀಕಂಠಯ್ಯನವರ ಹಾಗೆ. ಮೊಸರು ಬೇಡ ಅನ್ನತೊಡಗಿದ. ಅವನ ಬೆರಳಿಗೆ ನಶ್ಯದ ಬಣ್ಣ ಹತ್ತಿತ್ತು, ನಶ್ಯದ ಡಬ್ಬಿಯೋ ಗಂಡನ ಕೋಟಿನ ಜೊತೆ ದಾನಕ್ಕೆ ಹೋಗಿತ್ತು. ಕುಣಿಗಲ್ ಕೆರೆಗೆ ಹೋಗಿ ಯಂತ್ರ ಕಟ್ಟಿ, ಪರೀಕ್ಷಕರಿಗೆ ತೋರಿಸಿ ಬಂದ. ಗಂಟೆ ಚೆನ್ನಾಗಿ ಹೊಡೆಯಿತಂತೆ. ಆದರೆ ಆ ಖುಷಿ ಮುಖದಲ್ಲಿರಲಿಲ್ಲ.

"ಅಮ್ಮ, ನಿನ್ನೆ ಕನ್ನಡಿಲಿ ನನ್ನ ಮುಖ ಸ್ವಲ್ಪ ಹೊತ್ತು ಸಿಗಲಿಲ್ಲ" ಅಂದ ಒಂದು ಬೆಳಿಗ್ಗೆ. "ನಮ್ಮ ಅಮ್ಮನ ಹೆಸರೂ ಬೇಗ ನೆನಪಾಗಲಿಲ್ಲ." ಅಂದವನು ಎದೆ ಮೇಲೆ ಅಂಗೈ ಇಟ್ಟುಕೊಂಡ. ಎಡಗಡೆ, ಗಂಡ ಇಟ್ಟುಕೊಂಡಿದ್ದ ಜಾಗದಲ್ಲೇ. ಇದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಕಮಲಾಕ್ಷಮ್ಮನಿಗೆ ಗೊತ್ತಾಗದೆ ಏನು! ತನ್ನ ಆಸೆಗೆ ತಾನೇ ದಿನಾ ಕಾಫಿ ಹಾಕಿ ಸಾಕಿದ್ದಳು, ಅದು ಯಾವುದೋ ದೂರದ ತಾಯಿಯ ಮಗನನ್ನ ತಿನ್ನುತ್ತಿತ್ತು.

"ಇವತ್ತು ಆ ಕುರ್ಚಿಲಿ ಕೂರಬೇಡ ಕಣೋ" ಅಂದಳು. "ಕೂರಲ್ಲ ಅಮ್ಮ" ಅಂದ. ನಾಲ್ಕು ಗಂಟೆಗೆ ಹೋಗಿ ನೋಡಿದರೆ ಕೂತಿದ್ದ.

"ಇವಳೇ, ಕಾಫಿ ತಾ."

ಅವಳು ಬರಿಗೈಲಿ ಒಳಗೆ ಹೋದಳು. ಸೆರಗು ಬಿಗಿಯಾಗಿ ಹೊದ್ದುಕೊಂಡು, ಯಾವತ್ತೂ ನಿಲ್ಲದ ಜಾಗದಲ್ಲಿ, ಕುರ್ಚಿಯ ಎದುರಿಗೆ ಹೋಗಿ ನಿಂತಳು. ಹುಡುಗನ ಕಣ್ಣು ಅರ್ಧ ಮುಚ್ಚಿತ್ತು, ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

"ಏನೂಂದ್ರೆ, ಈ ಹುಡುಗನ್ನ ಬಿಟ್ಬಿಡಿ. ನಿಮ್ಮ ದಮ್ಮಯ್ಯ. ಪ್ರಾಜೆಕ್ಟು ಮುಗೀತಲ್ಲ."

ತುಟಿ ಅಲ್ಲಾಡಿತು. "ಅವನಿಗೋಸ್ಕರ ಕೂತಿದೀನಿ ಅನ್ಕೊಂಡ್ಯಾ? ಅದು ಯಾವಾಗ್ಲೋ ಮುಗೀತು. ನಿಂಗೋಸ್ಕರ ಕಾಯ್ತಾ ಇದೀನಿ."

ನಿಂಗೋಸ್ಕರ. ಆ ಒಂದು ಮಾತಿಗೆ ಅವಳು ಎಷ್ಟು ವರ್ಷ ಬಾಗಿಲ ಹಿಂದೆ ನಿಂತಿದ್ದಳು! ಕಣ್ಣು ತುಂಬಿ ಬಂತು. "ನಂಗೋಸ್ಕರಾನಾ?" ಅಂದಳು ಹುಡುಗಿ ಹಾಗೆ.

"ಮತ್ತಿನ್ಯಾರಿಗೆ? ವರ್ಗ ಆಗಿದೆ. ಮನೆ ನೋಡಿ ಬಂದಿದೀನಿ, ನೀರಿಗೆ ತೊಂದರೆ ಇಲ್ಲ. ಕತ್ತಲೆ ಸ್ವಲ್ಪ ಜಾಸ್ತಿ, ಅಭ್ಯಾಸ ಆಗುತ್ತೆ. ಒಲೆ ಹಚ್ಚೋರಿಲ್ಲ ಅಲ್ಲಿ. ಪಾತ್ರೆ ಕಟ್ಟು. ಹೊರಡು."

ಕುಣಿಗಲಿಗೆ ವರ್ಗವಾದಾಗಲೂ ಹೀಗೇ ಹೇಳಿದ್ದರು. ಗುಬ್ಬಿಗೆ ಆದಾಗಲೂ, ತುಮಕೂರಿಗೆ ಆದಾಗಲೂ. ಬರ್ತೀಯಾ ಅಂತ ಕೇಳಿದವರಲ್ಲ. ಪಾತ್ರೆ ಕಟ್ಟು, ಹೊರಡು. ಅವಳು ಕಟ್ಟಿದ್ದಳು, ಹೊರಟಿದ್ದಳು. ಈಗಲೂ ಹಾಗೇ ಆಯ್ತು. ತಾನು ಯಾವಾಗ ತಿರುಗಿದೆ, ಯಾವಾಗ ನಡೆದೆ ಅಂತ ಗೊತ್ತಿಲ್ಲ, ನೋಡಿಕೊಂಡರೆ ಅಡುಗೆಮನೆಯಲ್ಲಿ ನಿಂತಿದ್ದಾಳೆ, ಕೈಲಿ ಕಾಫಿ ಪುಡಿ ಡಬ್ಬಿ, ನೆಲದ ಮೇಲೆ ಹಾಸಿದ ಹಳೇ ಸೀರೆ, ಅದರ ಮೇಲೆ ಜೋಡಿಸಿದ ತಪ್ಪಲೆ ಸೌಟು. ಪಾದ ಹೆಪ್ಪುಗಟ್ಟಿದ ಹಾಗೆ ಆರಿತ್ತು. ಆ ತಣುಪು ಮೆಲ್ಲಗೆ ಮಂಡಿ ತನಕ ಏರುತ್ತಿತ್ತು. ನೋವಿರಲಿಲ್ಲ, ಹಾಯಾಗೇ ಇತ್ತು.

ಹಿತ್ತಲ ಬಾಗಿಲಲ್ಲಿ ಬಿಸಿಲು ಬಿದ್ದಿತ್ತು. ಕರಿಬೇವಿನ ಗಿಡದ ಬುಡದಲ್ಲಿ ರಂಗಮ್ಮ ಇಟ್ಟು ಹೋದ ಹಾಲಿನ ಪಾತ್ರೆ. ಬೆಕ್ಕೊಂದು ಅದರ ಮುಚ್ಚಳ ತಳ್ಳುತ್ತಿತ್ತು. "ಹಚ್ಚಾ!" ಅಂದಳು ಕಮಲಾಕ್ಷಮ್ಮ, ಅಭ್ಯಾಸಬಲ. ಅಂದ ಮೇಲೆ ಅನ್ನಿಸಿತು, ಈ ಹಾಲು ಕಾಯಿಸಬೇಕು, ಹೆಪ್ಪು ಹಾಕಬೇಕು, ನಾಳೆ ಮೊಸರಾಗಬೇಕು. ನನಗೆ ನಾಳೆ ಬೇಕು. ಇಷ್ಟು ವರ್ಷದಲ್ಲಿ ತನಗೆ ಏನು ಬೇಕು ಅಂತ ಅವಳು ಯೋಚಿಸಿದ್ದು ಅದೇ ಮೊದಲು, ಆ ಯೋಚನೆಗೆ ಅವಳಿಗೇ ಗಾಬರಿಯಾಯಿತು.

ಡಬ್ಬಿಯನ್ನ ಗೂಡಿಗೆ ಇಟ್ಟಳು. ಸತ್ತಂತಿದ್ದ ಕಾಲನ್ನ ಎಳೆದುಕೊಂಡು ಗೋಡೆ ಹಿಡಿದು ಹೊರಕೋಣೆಗೆ ಬಂದಳು.

"ನಾನು ಬರಲ್ಲ" ಅಂದಳು.

"ಏನಂದೆ?" ಸಿಟ್ಟಿನ ದನಿಯಲ್ಲ. ನಿಜವಾಗಲೂ ಅರ್ಥವಾಗದವರ ದನಿ.

"ಬರಲ್ಲಾಂದ್ರೆ. ನಂಗೆ ಇಷ್ಟ ಇಲ್ಲ. ನೀವೊಬ್ರೇ ಹೋಗಿ."

"ನಂಗೆ ಕಾಫಿ ಮಾಡ್ಕೊಳ್ಳೋಕೆ ಬರಲ್ವಲ್ಲೇ" ಅಂದರು ಶ್ರೀಕಂಠಯ್ಯನವರು. ಊರಿಗೆಲ್ಲ ಬುದ್ಧಿ ಹೇಳಿದ ದನಿ ಮಗುವಿನ ಹಾಗೆ ಸಣ್ಣಗಾಗಿತ್ತು. "ಅಲ್ಲಿ ಏನು ಮಾಡ್ಬೇಕು ಅಂತ ಯಾರೂ ಹೇಳ್ಕೊಡಲ್ಲ. ಯಾರನ್ನ ಕೇಳೋದು ನಾನು?"

ಒಂದು ಹೆಜ್ಜೆ ಮುಂದಿಟ್ಟರೆ ಸಾಕು, ಆ ಕೈ ಹಿಡಿದುಕೊಂಡು ಹೊರಟೇಬಿಡುತ್ತಿದ್ದಳು. ಬಾಯಿಗೆ ಸೆರಗು ತುರುಕಿಕೊಂಡು, ಕಿಟಕಿ ಸರಳು ಹಿಡಿದು ನಿಂತಳು. ಕುರ್ಚಿಯ ಬೆತ್ತ ಕಿರುಗುಟ್ಟಿತು, ಯಾರೋ ಮಂಡಿ ಹಿಡಿದು ಏಳುವ ಹಾಗೆ. ಮುಚ್ಚಿದ್ದ ಬೀದಿ ಬಾಗಿಲು ತೆರೆದುಕೊಂಡಿತು. ಗೇಟಿನ ಅಗಳಿ ಸದ್ದು ಮಾಡಿತು. ಎದುರುಮನೆಯ ನಾಯಿ ಒಂದು ಸಲ ಬೊಗಳಿ, ಬಾಲ ಅಲ್ಲಾಡಿಸುತ್ತ ಬೀದಿ ತುದಿ ತನಕ ಯಾರ ಹಿಂದೆಯೋ ಹೋಗಿ ನಿಂತಿತು.

ಕಿಟ್ಟಪ್ಪ ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದ. ತಲೆ ಎತ್ತಿ ಮಡಿಲಲ್ಲಿಟ್ಟುಕೊಂಡು ನೀರು ಕುಡಿಸಿದಳು. ಕಣ್ಣು ಬಿಟ್ಟವನು ತನ್ನ ಭಾಷೆಯಲ್ಲಿ ಏನೋ ತೊದಲಿದ, ಅವಳ ಮುಖವನ್ನ ಗುರುತು ಹಿಡಿದ, ಹಸಿವಾಗ್ತಿದೆ ಅಂದ. ಆಮೇಲೆ ಕುರ್ಚಿ ಕಡೆ ನೋಡಿದ.

"ಸಾರ್ ಎಲ್ಲಿ ಅಮ್ಮ?"

"ಹೋದ್ರು."

"ನಾಳೆ ಬರ್ತಾರಾ?"

"ಇಲ್ಲ ಕಣಪ್ಪಾ" ಅಂದಳು ಕಮಲಾಕ್ಷಮ್ಮ. "ಒಬ್ರೇ ಹೋದ್ರು. ನಾನೇ ಕಳಿಸ್ಬಿಟ್ಟೆ. ದಾರೀನೂ ಗೊತ್ತಿರಲಿಲ್ಲ ಅವರಿಗೆ."

ಅಂದವಳು ಹುಡುಗನ ತಲೆಯನ್ನ ಮಡಿಲಿಂದ ಇಳಿಸದೆ, ಬೀದಿಯವರಿಗೆ ಕೇಳಿಸೀತು ಅನ್ನೋ ಪರಿವೆಯೂ ಇಲ್ಲದೆ, ಗೊಳೋ ಅಂತ ಅಳೋಕೆ ಶುರುಮಾಡಿದಳು.